ಕಾರಿನಲ್ಲಿ ಹಾಡಿದ ಹಸೆ ಪದ

ಗಾಡಿಗುಡ್ಡ, ಚಳ್ಳಕೆರೆ ಸೀಮೆ
೨೨೧೪ನೇ ಇಸವಿ, ಹದಿಮೂರನೇ ತಿಂಗಳ ಆರನೇ ದಿನ

ಪೂಜ್ಯ ತಿಪ್ಪೇಸ್ವಾಮಿ ತಾತನವರಿಗೆ, ನಿಮ್ಮ ಏಳನೇ ತಲೆಯ ಬೊಮ್ಮಯ್ಯ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಕೈತಪ್ಪಿ ಬರೆದದ್ದಲ್ಲ. ನಮ್ಮ ವರ್ಷ ಮಳೆಗೆ ಶುರುವಾಗಿ ಬೇಸಿಗೆಗೆ ಮುಗಿಯುತ್ತದೆ, ಅದಕ್ಕೆ ಹದಿಮೂರು ತಿಂಗಳು. ಮೇ ತಿಂಗಳ ಬಿಸಿಲು ಉದ್ದವಾಗುತ್ತಾ ಹೋಗಿ, ಯಾರೂ ಹೊರಗೆ ಕಾಲಿಡಲಾಗದ ಒಂದು ತಿಂಗಳನ್ನೇ ಪಂಚಾಂಗದವರು ಬೇರೆಯಾಗಿ ತೆಗೆದಿಟ್ಟರು. ಅದಕ್ಕೆ ಬಿಡುತಿಂಗಳು ಎಂದು ಹೆಸರು. ಈ ತಿಂಗಳು ಕೆಲಸವಿಲ್ಲ, ಕಾಗದ ಬರೆಯುವುದಕ್ಕೆ ಅಡ್ಡಿಯಿಲ್ಲ. ನೀವು ನನಗೆ ತಾತನ ತಾತನಿಗೂ ಹಿರಿಯರು. ಆದರೆ ಇದು ಕೈಗೆ ಸಿಗುವ ಹೊತ್ತಿಗೆ ನಿಮಗೆ ಇಪ್ಪತ್ತೆಂಟು ವಯಸ್ಸು, ನನಗೆ ಅರವತ್ತಮೂರು. ಹಾಗಾಗಿ ಅಲ್ಲಲ್ಲಿ ಗದರಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಭಾಷೆಯನ್ನೂ ಸಹಿಸಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಪೆನ್ ಡ್ರೈವ್‌ಗಳಿಂದ. ಅರ್ಧ ಸಿನಿಮಾ ಹಾಡಿನಿಂದ ಕಲಿತೆ, ಇನ್ನರ್ಧ ಹಾಡಿನ ಮೊದಲಿಗೆ ಅಂಗಡಿಯವರು ಸೇರಿಸುತ್ತಿದ್ದ ಜಾಹೀರಾತಿನಿಂದ. ನನ್ನ ಮಾತು ಒಮ್ಮೊಮ್ಮೆ ಪ್ರೇಮಿಯ ಹಾಗೂ ಒಮ್ಮೊಮ್ಮೆ ಮೊಬೈಲ್ ಅಂಗಡಿಯವನ ಹಾಗೂ ಕೇಳಿಸುತ್ತದೆ ಎಂದು ಅಕ್ಕ ಹಾಸ್ಯ ಮಾಡುತ್ತಿದ್ದಳು.

ಈ ಕಾಗದ ಬರುವ ದಾರಿಗೆ ಹಿಂದಂಚೆ ಎನ್ನುತ್ತೇವೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಸರ್ಕಾರಿ ಕೆಲಸದಲ್ಲಿ ನಲವತ್ತು ವರ್ಷ ಸವೆದವರಿಗೆ ನಿವೃತ್ತಿಯಾಗುವಾಗ ಒಂದೇ ಒಂದು ಕಾಗದದ ಅವಕಾಶ ಕೊಡುತ್ತಾರೆ. ಅಕ್ಷರ ಮಾತ್ರ ಹೋಗುತ್ತದೆ, ಚಿತ್ರ ಹೋಗುವುದಿಲ್ಲ, ದನಿಯಂತೂ ಹೋಗುವುದೇ ಇಲ್ಲ. ದನಿ ಹೋಗುವಂತಿದ್ದರೆ ಇಷ್ಟುದ್ದ ಬರೆಯುವ ಕರ್ಮ ನನಗೇಕೆ? ಕಾಗದ ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಈವರೆಗೆ ಒಂದಕ್ಕೂ ಉತ್ತರ ಬಂದಿಲ್ಲ. ಅರ್ಜಿ ಕೊಡಲು ಹೋದಾಗ ಅಂಚೆಯ ಹೆಣ್ಣುಮಗಳು ನನ್ನ ಕೋರಿಕೆಯನ್ನು ಎರಡು ಸಲ ಓದಿದಳು. “ಅಲ್ಲ ಬೊಮ್ಮಣ್ಣ, ಎಲ್ಲರೂ ಹಿಂದಕ್ಕೆ ಬರೆಯೋದು ಕೆರೆ ಉಳಿಸ್ರಪ್ಪಾ, ಯುದ್ಧ ನಿಲ್ಲಿಸ್ರಪ್ಪಾ ಅಂತ. ನೀನು ನೋಡಿದ್ರೆ ಕಾರಿನ ಹಾಡು ಆರಿಸ್ರಿ ಅಂತ ಬರೀತಿದೀಯಲ್ಲ, ತಲೆ ನೆಟ್ಟಗೈತಾ?” ಎಂದಳು. ಕೆರೆಯ ವಿಷಯ ಬರೆದವರಿಗೇನು ಸಿಕ್ಕಿತು ತಾಯಿ ಎಂದೆ. ಅವಳು ಮುದ್ರೆ ಒತ್ತಿ ಕೊಟ್ಟಳು.

ನನ್ನ ಕೆಲಸವೇನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಿಮ್ಮ ಹೆದ್ದಾರಿಯ ಪಕ್ಕದಲ್ಲಿ ಈಗೊಂದು ಗುಡ್ಡವಿದೆ. ದೇವರು ಮಾಡಿದ್ದಲ್ಲ, ಎಣ್ಣೆ ಮುಗಿದ ಮೇಲೆ ಜನ ತಂದು ಪೇರಿಸಿದ ಕಾರುಗಳ ಗುಡ್ಡ. ಕೆಳಗಿನ ಸಾಲಿನ ಕಾರುಗಳು ಬಿಲ್ಲೆಯಂತೆ ಚಪ್ಪಟೆಯಾಗಿವೆ. ಅವುಗಳ ಸ್ಟೀರಿಯೋಗಳಲ್ಲಿ ಸಿಕ್ಕಿಕೊಂಡ ಪೆನ್ ಡ್ರೈವ್‌ಗಳನ್ನು ಬಿಡಿಸಿ, ತೊಳೆದು, ಒಳಗಿನ ದನಿಯನ್ನು ಹೊರತೆಗೆದು, ವಾರಸುದಾರರಿದ್ದರೆ ಅವರಿಗೆ ಒಪ್ಪಿಸುವುದು ನಮ್ಮ ದನಿಮನೆಯ ಕೆಲಸ. ನಲವತ್ತು ವರ್ಷ ಇದನ್ನೇ ಮಾಡಿದೆ. ಯಾರೋ ಹಿಂದಿನವರ ಮಾತು, ನಗು, ಜಗಳ ಸಿಗುತ್ತದೆಂದು ಮೊದಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಏನು ಸಿಕ್ಕಿತು ಗೊತ್ತೇ? ಅದೇ ಮುನ್ನೂರು ಹಾಡು. ಹಿರಿಯೂರಿನ ಕಾರಿನಲ್ಲೂ ಅದೇ, ಹೊಸಪೇಟೆಯ ಕಾರಿನಲ್ಲೂ ಅದೇ. ಒಬ್ಬರದ್ದನ್ನು ಇನ್ನೊಬ್ಬರು ತುಂಬಿಸಿಕೊಂಡು, ಅವರದ್ದನ್ನು ಮತ್ತೊಬ್ಬರು ತುಂಬಿಸಿಕೊಂಡು, ಇಡೀ ಸೀಮೆಗೆ ಒಂದೇ ಪೆನ್ ಡ್ರೈವ್ ಆಗಿಹೋಗಿತ್ತು. ತಮ್ಮ ಮನೆಯವರ ದನಿಯನ್ನು ಹಾಕಿಕೊಳ್ಳಲು ಮಾತ್ರ ನಿಮ್ಮ ಕಾಲದವರಿಗೆ ಜಾಗವಿರಲಿಲ್ಲ. ಆ ಮುನ್ನೂರು ಹಾಡುಗಳು ನನಗೆ ಎಷ್ಟು ಬಾಯಿಪಾಠವೆಂದರೆ, ಶುರುವಿನ ತಮಟೆ ಕೇಳಿದರೆ ಸಾಕು, ಕೈ ತಾನಾಗಿ ಕಿವಿಯ ಮೇಲೆ ಹೋಗುತ್ತದೆ. ಸುಸ್ತಾಗಿದ್ದೇನೆ ತಾತ, ಸುಳ್ಳೇಕೆ ಹೇಳಲಿ.

ನಮ್ಮಲ್ಲಿ ಈ ಹಾಡುಗಳನ್ನು ಬೇರೆ ಯಾರೂ ಕೇಳುವುದಿಲ್ಲ. ನಮಗೆ ಐದನೇ ವರ್ಷಕ್ಕೆ ಕಿವಿಯೊಳಗೆ ಒಂದು ಬೀಜ ಹಾಕುತ್ತಾರೆ. ಕಿವಿಬೀಜ ಎಂದೇ ಹೆಸರು. ಯಾರಿಗೆ ಯಾವಾಗ ಏನು ಕೇಳಿಸಬೇಕೆಂಬುದನ್ನು ಅದೇ ನೋಡಿಕೊಳ್ಳುತ್ತದೆ. ನಮ್ಮ ಬಂಡಿಗಳನ್ನು ನಡೆಸುವವರಿಲ್ಲ, ಅವು ತಾವಾಗಿಯೇ ಓಡುತ್ತವೆ, ಹಾಗಾಗಿ ತಾನೋಡಿ ಎನ್ನುತ್ತೇವೆ. ಒಂದು ತಾನೋಡಿಯಲ್ಲಿ ಆರು ಜನ ಕೂತರೆ ಆರು ಜನಕ್ಕೂ ಬೇರೆ ಬೇರೆ ದನಿ. ಪಕ್ಕದವರನ್ನು ಏನು ಕೇಳುತ್ತಿದ್ದೀರಿ ಎಂದು ವಿಚಾರಿಸುವುದು ಅಸಭ್ಯ. ಮದುವೆಗೆ ಹೋಗುವಾಗಲೂ ಸಾವಿಗೆ ಹೋಗುವಾಗಲೂ ಬಂಡಿಯೊಳಗೆ ಒಂದೇ ಮೌನ. ನಿಮ್ಮ ಕಾಲದಲ್ಲಿ ಹಿಂದಿನ ಸೀಟಿನವರು ಭಕ್ತಿಗೀತೆ ಹಾಕು ಎನ್ನುವುದು, ಮುಂದಿನವರು ಹಳೇ ಹಾಡು ಹಾಕು ಎನ್ನುವುದು, ಡ್ರೈವರ್ ಯಾರ ಮಾತೂ ಕೇಳದೆ ತನಗಿಷ್ಟವಾದ್ದನ್ನೇ ಹಾಕುವುದು, ಇದನ್ನೆಲ್ಲ ನಾನು ಓದಿ ತಿಳಿದಿದ್ದೇನೆ. ಹೊಟ್ಟೆಕಿಚ್ಚಾಗುತ್ತದೆ.

ಈಗ ಮನೆಯ ವಿಷಯ. ನಮ್ಮ ವಂಶದಲ್ಲಿ ಒಂದು ಹಸೆ ಪದವಿದೆ. ಮದುಮಗನನ್ನು ಹಸೆಗೆ ಕರೆಯುವಾಗ ಹೆಣ್ಣಿನ ಕಡೆಯವರು ಹೇಳುವುದು. ನಿಮ್ಮ ಅಜ್ಜಿ ಪಾಲಮ್ಮನವರು, ನಾವೆಲ್ಲ ಪಾಲಜ್ಜಿ ಎಂದು ನೆನೆಯುವವರು, ಹೇಳುತ್ತಿದ್ದ ಪದ. ನಿಮ್ಮ ಮಗಳು ಅದನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು, ಹಾಗಾಗಿ ಉಳಿಯಿತು.

ಏಳಯ್ಯ ಮದುಮಗನೆ ಎಳೆಬಿಸಿಲು ಏರೈತೆ
ಕಾಲಿಗೆ ನೀರ ಕೊಟ್ಟೇವು
ಕಾಲಿಗೆ ನೀರ ಕೊಟ್ಟೇವು ನಮಮನೆಯ
ಕೂಸು ಕುಂತವಳೆ ಹಸೆಮ್ಯಾಲೆ

ಪದ ಉಳಿಯಿತು, ಮಟ್ಟು ಉಳಿಯಲಿಲ್ಲ. ಮಟ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು ಹೇಗೆಂದು ಆ ಕೂಸಿಗೆ ಯಾರು ಹೇಳಿಕೊಟ್ಟಾರು? ಹಾಗಾಗಿ ಐದು ತಲೆಮಾರಿನಿಂದ ನಮ್ಮ ಹೆಂಗಸರು ಹಸೆಯ ಮುಂದೆ ನಿಂತು ಈ ನಾಲ್ಕು ಸಾಲನ್ನು ಓದುತ್ತಾರೆ. ಹಾಡುವುದಿಲ್ಲ ತಾತ, ಓದುತ್ತಾರೆ, ಹಾಜರಿ ಕೂಗಿದ ಹಾಗೆ. ಬೀಗರು ಬಾಯಿ ಮುಚ್ಚಿಕೊಂಡು ನಗುತ್ತಾರೆ. ನನ್ನ ಅಕ್ಕ ಮುದ್ದಕ್ಕನಿಗೆ ಇದು ಸಹಿಸಲಾಗದ ಅವಮಾನ. ಅವಳ ಮದುವೆಯಲ್ಲಿ ಹೀಗೇ ಓದಿದಾಗ ಹಸೆಯ ಮೇಲೆ ಕೂತೇ ಅತ್ತಿದ್ದಳಂತೆ. ತನ್ನ ಮಗಳು ಹೊನ್ನೂರಿಯ ಮದುವೆಯಲ್ಲಿ ಆ ಪದವನ್ನು ಹಾಡಿಯೇ ಹಾಡಬೇಕೆಂದು ಹಟ ಹಿಡಿದಳು. “ನೀನು ಊರೋರ ಹಾಡೆಲ್ಲ ಹುಡುಕಿ ಕೊಡ್ತೀಯ, ನಮ್ಮಜ್ಜಿದು ಒಂದು ಹುಡುಕಿ ಕೊಡಾಕಾಗಲ್ವೇನೋ?” ಎಂದು ವರ್ಷಗಟ್ಟಲೆ ನನ್ನ ಪ್ರಾಣ ತಿಂದಳು.

ಎರಡು ವರ್ಷದ ಹಿಂದೆ ಅವಳ ಕಿವಿಬೀಜ ಒಣಗತೊಡಗಿತು. ಅರವತ್ತು ದಾಟಿದವರ ಕಿವಿಗೆ ಹೊಸ ಬೀಜ ಹತ್ತುವುದಿಲ್ಲ, ಹಳೆಯದು ಹೋಗುವಾಗ ಹುಟ್ಟಿನ ಕಿವಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ಎಂದು ವೈದ್ಯರು ಹೇಳಿದರು. ಹೊನ್ನೂರಿಯ ಮದುವೆ ಹತ್ತು ತಿಂಗಳಿಗೆ ಗೊತ್ತಾಗಿತ್ತು. ಆಮೇಲೆ ಅಕ್ಕ ಹಟ ಮಾಡಲಿಲ್ಲ. ನಾನು ಗುಡ್ಡದ ಕಡೆ ಹೊರಟಾಗ ಬುತ್ತಿ ಕಟ್ಟಿಕೊಟ್ಟು, ಏನೂ ಕೇಳದೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹಟವೇ ವಾಸಿಯಿತ್ತು.

ನಿಮ್ಮ ಕಾರು ಸಿಕ್ಕಿದ್ದು ಅತ್ಯಂತ ಕೆಳಗಿನ ಸಾಲಿನಲ್ಲಿ. ಹಿಂದಿನ ಗಾಜಿನ ಚೂರಿನ ಮೇಲೆ ‘ಪಾಲಜ್ಜಿ ಆಶೀರ್ವಾದ’ ಎಂದು ಅಂಟಿಸಿದ್ದು ಹಾಗೇ ಇತ್ತು. ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ಪೆನ್ ಡ್ರೈವ್ ತೆರೆದು ನೋಡಿದರೆ ಮೊದಲ ಫೋಲ್ಡರ್ ದೇವರದು, ಬೆಳಿಗ್ಗೆ ಊದುಬತ್ತಿ ಹಚ್ಚಿದಾಗ ಹಾಕುವುದಕ್ಕೆ. ಎರಡನೆಯದು ಹಳೇದು, ಮೂರನೆಯದು ಮದುವೆ ಪಾರ್ಟಿ. ನಾಲ್ಕನೆಯದಕ್ಕೆ ‘ನಿದ್ದೆ ಬಂದಾಗ’ ಎಂದು ಹೆಸರು, ಅದರಲ್ಲಿ ಸತ್ತವರೂ ಎದ್ದು ಕೂರುವಂಥ ಕುಣಿತದ ಹಾಡುಗಳು. ಅದೇ ಮುನ್ನೂರು, ಮತ್ತಿನ್ನೇನು! ಎಲ್ಲಕ್ಕಿಂತ ಕೆಳಗೆ ‘ಅಜ್ಜಿ ಪದ’ ಎಂಬ ಫೈಲ್, ಒಂದಲ್ಲ, ಮೂರು ಸಲ ಇತ್ತು.

ಮೂರು ಸಲ ಏಕೆಂದು ತಾರೀಖು ನೋಡಿ ತಿಳಿದೆ. ನಿಮಗೆ ಇದೆಲ್ಲ ಇನ್ನು ಮುಂದೆ ನಡೆಯುವುದು, ನನಗೆ ನಡೆದುಹೋದದ್ದು. ನೀವು ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಇದ್ದ ಹಾಗೇ ಪೆನ್ ಡ್ರೈವ್‌ಗೆ ಹಾಕಿದಿರಿ. ಕಾರಿನ ಸ್ಟೀರಿಯೋಗೆ ಆ ಬಗೆಯ ಫೈಲ್ ಓದಲು ಬರುತ್ತಿರಲಿಲ್ಲ. ನಾಲ್ಕು ದಿನ ಬಿಟ್ಟು ಅಂಗಡಿಗೆ ಹೋಗಿ ಎಂಪಿತ್ರೀ ಮಾಡಿಸಿದಿರಿ. ಅಂಗಡಿಯವನು ಅದನ್ನು ಫೋಲ್ಡರೊಳಗೆ ಫೋಲ್ಡರು, ಅದರೊಳಗೊಂದು ಫೋಲ್ಡರು ಮಾಡಿ ಹೂತಿಟ್ಟ. ಅಷ್ಟು ಒಳಗೆ ಸ್ಟೀರಿಯೋ ಇಣುಕುವುದಿಲ್ಲ. ಮತ್ತೆ ಹದಿನೈದು ದಿನಕ್ಕೆ ಹೋಗಿ ಈಚೆಗೆ ತೆಗೆಸಿ ಹಾಕಿಸಿದಿರಿ. ಟ್ಯಾಕ್ಸಿಗೆ ಬಂದ ಬಾಡಿಗೆ ಬಿಟ್ಟು, ಅಜ್ಜಿಯ ಒಂದು ನಿಮಿಷದ ಪದ ಕಾರಿನಲ್ಲಿ ಕೇಳಲೆಂದು ಮೂರು ಸಲ ಹೆಣಗಿದಿರಿ. ಒಂಬತ್ತು ಸಾವಿರ ಪೆನ್ ಡ್ರೈವ್ ಬಿಚ್ಚಿದ್ದೇನೆ ತಾತ, ಇಂಥ ಓಡಾಟ ಮಾಡಿದವರನ್ನು ಇನ್ನೊಬ್ಬರನ್ನು ಕಂಡಿಲ್ಲ. ಆದ್ದರಿಂದ ಮುಂದೆ ಹೇಳುವುದನ್ನು ಬೈಗುಳವೆಂದು ತಿಳಿಯಬೇಡಿ.

ಹಾಕಿ ಕೇಳಿದೆ. ಮೊದಲು ಕೇಳಿಸಿದ್ದು ತಮಟೆ. ನನ್ನ ಕೈ ಕಿವಿಗೆ ಹೋಯಿತು. ‘ನಿದ್ದೆ ಬಂದಾಗ’ ಫೋಲ್ಡರಿನ ಏಳನೇ ಹಾಡು ಕಾರಿನಲ್ಲಿ ಬಡಿದುಕೊಳ್ಳುತ್ತಿದೆ. ಅದರಡಿಯಲ್ಲೆಲ್ಲೋ ಒಂದು ಮುದಿದನಿ, “ಮದುವ್ಯಾಗೂ ಇದೇ ಬಡಿತ, ಕಾರ್ನಾಗೂ ಇದೇ ಬಡಿತ. ಒಂದು ಪದ ಹೇಳಾಕೆ ಬಿಡಲಿಲ್ಲ ನನ್ನ ಸವತೇರು” ಎಂದಿತು. ಯಾವುದೋ ಮದುವೆಯಿಂದ ಬರುತ್ತಿದ್ದಿರಿ ಎಂದು ತೋರುತ್ತದೆ. ನಿಮ್ಮ ದನಿ, “ಈಗ ಹೇಳಜ್ಜಿ, ಫೋನಿಗೆ ಹಾಕ್ಕೊಂತೀನಿ” ಎಂದಿತು. ಅಜ್ಜಿ, “ಅದರ ಬಾಯಿ ಮುಚ್ಚಿಸೋ ಮದ್ಲು” ಎಂದಳು. ಆಗ ನೀವು, ನನ್ನಪ್ಪಾ, ಎಂಥ ಮಾತಾಡಿದಿರಿ! “ಇರ್ಲಿ ಬಿಡಜ್ಜಿ, ಇಲ್ದಿದ್ರೆ ಸಪ್ಪೆ ಆಗ್ತೈತೆ. ನೀನೇ ಒಂಚೂರು ಜೋರಾಗಿ ಹೇಳು, ಫೋನಿಗೆ ಕೇಳಂಗಿಲ್ಲ.” ಅಜ್ಜಿ ನಕ್ಕಳು. ಕೆಮ್ಮಿದಳು. ಆ ಬಡಿತದ ಮೇಲೆಯೇ ದನಿ ಏರಿಸಿ ಹೇಳತೊಡಗಿದಳು.

ನನಗೆ ಹೆದರಿಕೆಯೇನೂ ಆಗಲಿಲ್ಲ, ಏಕೆಂದರೆ ಒಂದು ದನಿಯಿಂದ ಇನ್ನೊಂದನ್ನು ಕಳೆಯುವುದು ನಾವು ಕಲಿತ ಕೆಲಸ. ಅದೇ ಸಿನಿಮಾ ಹಾಡನ್ನು ಬೇರೆ ಪೆನ್ ಡ್ರೈವ್‌ನಿಂದ ತೆಗೆದು, ಇದರ ಮೇಲಿಟ್ಟು, ಎಳೆ ಎಳೆಯಾಗಿ ಕಳೆದರೆ ಉಳಿದ ದನಿ ಬೇರೆಯಾಗಿ ಬರುತ್ತದೆ. ಹನ್ನೊಂದು ದಿನ ಕೂತು ಕಳೆದೆ. ತಮಟೆ ಹೋಯಿತು, ಕೋರಸ್ ಹೋಯಿತು, ಕಾರಿನ ಸದ್ದೂ ಮುಕ್ಕಾಲು ಹೋಯಿತು. ಪಾಲಜ್ಜಿ ನನ್ನೆದುರಿಗೇ ಕೂತು ಹೇಳಿದ ಹಾಗೆ ಕೇಳಿಸಿತು. ಮೊದಲನೇ ಸಾಲು ಬಂತು, ನಾನು ಎಂದೂ ಕೇಳದ ಮಟ್ಟು, ಬಾಗಿ ಬಾಗಿ ಬರುವಂಥದ್ದು. ಮೈ ಜುಮ್ಮೆಂದಿತು. ಎರಡನೇ ಸಾಲು ಬಂತು. ನಿಲ್ಲಿಸಿ, ಮತ್ತೆ ಹಾಕಿ ಕೇಳಿದೆ.

ಆ ಸಾಲಿನ ಮಟ್ಟು ನನಗೆ ಗೊತ್ತಿತ್ತು. ಅದು ಏಳನೇ ಹಾಡಿನದು. ಮೂರನೇ ಸಾಲೂ ಅದೇ, ಕೋರಸ್ ಎಲ್ಲಿ ಏರುತ್ತದೋ ಅಜ್ಜಿಯೂ ಅಲ್ಲೇ ಏರುತ್ತಾಳೆ. ನಾಲ್ಕನೆಯದಕ್ಕೆ ಮತ್ತೆ ತನ್ನ ದಾರಿಗೆ ಬಂದಳು. ಕಿವಿಯ ಪಕ್ಕದಲ್ಲಿ ಅಷ್ಟು ದೊಡ್ಡದಾಗಿ ಒಂದು ಹಾಡು ಬಡಿದುಕೊಳ್ಳುತ್ತಿದ್ದರೆ ಯಾರ ಗಂಟಲು ತಾನೇ ಅದರ ಕಡೆ ವಾಲುವುದಿಲ್ಲ? ಪಾಪ, ಅವಳಿಗೆ ಗೊತ್ತೇ ಆಗಲಿಲ್ಲ. ಕಾರಿನಿಂದ ಹಾಡನ್ನು ಕಳೆಯಬಲ್ಲೆ, ಅಜ್ಜಿಯ ಗಂಟಲೊಳಗೆ ಹೊಕ್ಕ ಹಾಡನ್ನು ಯಾವ ಯಂತ್ರದಿಂದ ಕಳೆಯಲಿ? ನಿಜವಾದ ಎರಡನೇ ಸಾಲು ಆ ದಿನ ಹುಟ್ಟಲೇ ಇಲ್ಲ.

ಅಕ್ಕನಿಗೆ ಹೇಳಬೇಕೆಂದೇ ಮನೆಗೆ ಹೋದೆ. ಅವಳು ಕೈ ಒರೆಸಿಕೊಂಡು ಬಂದು, ಇದ್ದಬದ್ದ ಕಿವಿಯನ್ನೆಲ್ಲ ಕೂಡಿಸಿಕೊಂಡು ಕೇಳಿದಳು. ಆ ಏಳನೇ ಹಾಡನ್ನು ಅವಳು ಹುಟ್ಟಿದಾರಭ್ಯ ಕೇಳಿಲ್ಲ, ನಮ್ಮ ಕಾಲದಲ್ಲಿ ನನ್ನಂಥ ನಾಲ್ಕು ಜನರ ಹೊರತು ಯಾರೂ ಕೇಳಿಲ್ಲ. ಪದ ಮುಗಿದಾಗ ಅಕ್ಕ ನನ್ನ ಎರಡೂ ಕೆನ್ನೆ ಹಿಡಿದುಕೊಂಡು, “ಇದೇ ಕಣೋ ಬೊಮ್ಮ, ಇದೇ. ನನ್ನ ರಕ್ತಕ್ಕೆ ಗೊತ್ತಾಗ್ತೈತೆ ಇದೇ ಅಂತ” ಎಂದಳು. ಎರಡನೇ ಸಾಲಿಗೇ ಅವಳಿಗೆ ಹೆಚ್ಚು ಅಳು ಬಂದಿತ್ತು. ನಾಳೆ ಹೇಳೋಣ ಎಂದುಕೊಂಡೆ. ಮಾರನೆಯ ದಿನ ಅವಳು ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಕಲಿಸತೊಡಗಿದ್ದಳು.

ಮದುವೆಯ ಹೊತ್ತಿಗೆ ಅವಳಿಗೆ ಕಿವಿ ಮುಕ್ಕಾಲು ಹೋಗಿತ್ತು. ತಮ್ಮ ಕಿವಿಬೀಜಗಳನ್ನು ಸ್ವಲ್ಪ ಹೊತ್ತು ಆರಿಸಿಡಿರೆಂದು ಬೀಗರನ್ನೆಲ್ಲ ಕೈಮುಗಿದು ಬೇಡಿಕೊಂಡಳು. ಇನ್ನೂರು ಜನ ಒಂದೇ ಸಲ ಒಂದೇ ದನಿ ಕೇಳುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಹಸೆಯ ಮುಂದೆ ನಿಂತು, ಹೊನ್ನೂರಿಯ ಹೆಗಲ ಮೇಲೆ ಕೈಯಿಟ್ಟು, ನಾಲ್ಕೂ ಸಾಲು ಹಾಡಿದಳು. ಒಬ್ಬರೂ ನಗಲಿಲ್ಲ. ಮದುಮಗ ನಿಜವಾಗಿಯೂ ಎದ್ದು ಬಂದ. ವಯಸ್ಸಾದ ಬೀಗರೊಬ್ಬರು ಕಣ್ಣೊರೆಸಿಕೊಂಡು, ಎಷ್ಟು ಹಳೇ ಮಟ್ಟು, ಎಷ್ಟು ಗಂಭೀರ ಎಂದು ನನ್ನ ಕೈ ಹಿಡಿದರು. ಹೌದು ಎಂದೆ. ಡ್ರೈವರುಗಳು ನಿದ್ದೆ ಬಾರದಿರಲೆಂದು ಹಾಕಿಕೊಳ್ಳುತ್ತಿದ್ದ ಹಾಡಿನ ಎರಡು ಸಾಲು ಅಲ್ಲಿ ಗಂಭೀರವಾಗಿ ನಿಂತಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಅಕ್ಕ ಹಾಡಿದಾಗ ಅದು ಚೆನ್ನಾಗಿತ್ತು ತಾತ. ತುಂಬಾ ಚೆನ್ನಾಗಿತ್ತು.

ಈಗ ಅಕ್ಕನಿಗೆ ಏನೂ ಕೇಳಿಸುವುದಿಲ್ಲ. ಜಗಲಿಯ ಮೇಲೆ ಕೂತು ಬಾಯಲ್ಲಿ ಅದೇ ಪದ ಆಡಿಸುತ್ತಿರುತ್ತಾಳೆ, ತನಗೇ ಕೇಳದ ದನಿಯಲ್ಲಿ. ಅವಳಿಗೆ ಸತ್ಯ ಹೇಳಬೇಕೆಂದರೆ ಚೀಟಿಯಲ್ಲಿ ಬರೆದು ತೋರಿಸಬೇಕು. ಮೂರು ಸಲ ಬರೆದು ಹರಿದೆ. ತಪ್ಪು ಮಾಡಿದೆನೆಂದು ನನಗೆ ಗೊತ್ತು, ನಾಚಿಕೆಯಾಗುತ್ತದೆ. ಹೊನ್ನೂರಿಗೆ ಈಗ ಹೆಣ್ಣುಕೂಸು ಹುಟ್ಟಿದೆ. ಆ ಕೂಸಿನ ಹಸೆಗೂ ಇದೇ ಮಟ್ಟು ಹೋಗುತ್ತದೆ, ಅದರ ಮಕ್ಕಳಿಗೂ. ಪಾಲಜ್ಜಿಯ ಆ ಎರಡು ಸಾಲು ಭೂಮಿಯ ಮೇಲೆ ಎಲ್ಲೂ ಇಲ್ಲ. ನಿಮ್ಮ ಹತ್ತಿರ ಮಾತ್ರ ಇದೆ, ಹಿಂದಿನ ಸೀಟಿನಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದೆ.

ಆದ್ದರಿಂದ ನನ್ನ ಕೋರಿಕೆ. ೨೦೨೭ನೇ ಇಸವಿ ಫೆಬ್ರವರಿ ಹದಿನಾಲ್ಕು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಫೈಲಿನ ಮೇಲಿರುವ ಸಮಯ ಅದೇ. ಆ ಸ್ಟೀರಿಯೋ ಆರಿಸಿರಿ ಎಂದು ಬರೆಯಲೆಂದೇ ಕೂತವನು ನಾನು. ಅರ್ಜಿಯಲ್ಲಿಯೂ ಹಾಗೇ ಇದೆ. ಆದರೆ ಇಲ್ಲಿಗೆ ಬರುವಷ್ಟರಲ್ಲಿ ಕೈ ನಿಂತಿತು. ನೀವು ಆರಿಸಿದರೆ ಅಕ್ಕ ಹಾಡಿದ್ದು ಏನಾಗುತ್ತದೆಂದು ನನಗೆ ತಿಳಿಯದು. ಹಾಗಾಗಿ ಇಷ್ಟು ಮಾಡಿ. ಹಾಡು ಬಡಿದುಕೊಳ್ಳಲಿ. ಜೋರಾಗಿ ಹೇಳಜ್ಜಿ ಎನ್ನಿ. ಅವಳು ಪೂರ್ತಿ ಹೇಳಿ ಮುಗಿಸಲಿ. ಆಮೇಲೆ ಕಾರನ್ನು ನೆರಳಿಗೆ ನಿಲ್ಲಿಸಿ, ಸ್ಟೀರಿಯೋ ಆರಿಸಿ, ಗಾಜು ಏರಿಸಿ, ಇನ್ನೊಂದು ಸಲ ಹೇಳಜ್ಜಿ ಎಂದು ಕೇಳಿ. ಬಯ್ಯುತ್ತಾಳೆ, ಬಯ್ಯಿಸಿಕೊಳ್ಳಿ. ಒಂದೇ ನಿಮಿಷದ ಕೆಲಸ. ಅದನ್ನು ಬೇರೆ ಫೈಲ್ ಮಾಡಿ ಇಡಿ.

ಜಾಗ ಸಾಲದಿದ್ದರೆ ಆ ಮುನ್ನೂರರಲ್ಲಿ ಯಾವುದನ್ನಾದರೂ ತೆಗೆಯಿರಿ. ಆದರೆ ಮೊದಲು ಹೇಳಿದ್ದನ್ನು, ಆ ತಮಟೆಯ ಜೊತೆಗಿನ ತಪ್ಪು ಪದವನ್ನು, ದಯವಿಟ್ಟು ಅಳಿಸಬೇಡಿ ತಾತ. ನನ್ನ ಅಕ್ಕ ಕಿವಿಯಾರೆ ಕೇಳಿ ಹಾಡಿದ್ದು ಅದನ್ನೇ.

ನಿಮ್ಮ ವಂಶದ,
ಬೊಮ್ಮಯ್ಯ